ಅರಸನ ಆಟ ಅಳಿಯಿತು, ಹುಣಸೆಬೀಜ ಉಳಿಯಿತು

ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಮೊದಲಾಗಿ ದೇವತೆಗಳ ರೂಪಲಕ್ಷಣಗಳನ್ನು ಚಿತ್ರಸಮೇತ ವರ್ಣಿಸುತ್ತ ಸಾಗುವ ಈ ಭಾರೀ ಗ್ರಂಥ ಕೊನೆಗೆ ಬಂದು ತಲುಪುವುದು ಕೌತುಕನಿಧಿಗೆ. ಅಲ್ಲಿರುವುದು ಆಟಗಳು. ಮೋಕ್ಷದ ದಾರಿ ಹಿಡಿದು ಹೊರಟ ಗ್ರಂಥ ಇಸ್ಪೀಟಿನ ಅಂಗಳದಲ್ಲಿ ಕೊನೆಯಾಗುವುದನ್ನು ಕಂಡು ಹುಬ್ಬೇರಿಸಿದ ಪಂಡಿತರೂ ಇದ್ದಿರಬಹುದು. ಆದರೆ ಅರಸರು ಈ ಭಾಗವನ್ನು ಕಾಟಾಚಾರಕ್ಕೆ ಬರೆಸಿದವರಲ್ಲ. ದಶಾವತಾರದ ಸಾಮಾನ್ಯ ಗಂಜೀಫಾ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಅದು ಅವರಿಗೆ ಸಾಲಲಿಲ್ಲ. ಒಂದೊಂದು ಬಣಕ್ಕೆ 12 ಅಂಕೆಯ ಎಲೆ, ಅವುಗಳ ಮೇಲೆ ಆರು ಆಸ್ಥಾನದ ಎಲೆ, ಕೆಲವು ಆಟಗಳಲ್ಲಿ 18 ಬಣ, ಯಾವಾಗಲೂ ಮೇಲುಗೈಯಾಗಿಯೇ ಇರುವ ತುರುಪಿನ ಎಲೆಗಳು ಬೇರೆ. ಇಷ್ಟನ್ನೂ ಕೈಯಲ್ಲಿ ಹಿಡಿದು ಕೂರುವುದೇ ಒಂದು ಸಾಹಸ, ಆಡುವುದು ಆಮೇಲಿನ ಮಾತು.

ಈ ಆಟಗಳನ್ನು ಈಗ ಯಾರೂ ಆಡುವುದಿಲ್ಲ. ಗಂಜೀಫಾ ಕಲೆ ಬದುಕಿದೆ ನಿಜ, ಆದರೆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು. ಅದೇ ಮೈಸೂರು ಸೀಮೆಯಲ್ಲಿ, ಯಾವ ನಿಧಿಯ ಆಸರೆಯೂ ಬೇಡದೆ, ನೆಲದ ಮೇಲೆ ಐದೈದು ಮನೆ ಗೀಚಿ ನಾಲ್ಕು ಹುಣಸೆಬೀಜ ಉರುಳಿಸುವ ಚೌಕಾಬಾರ ಮೊನ್ನೆ ಮೊನ್ನೆಯವರೆಗೂ ಪ್ರತಿ ಬೇಸಿಗೆ ರಜೆಯಲ್ಲಿ ಮರಳಿ ಹುಟ್ಟುತ್ತಿತ್ತು. ಅರಮನೆಯ ಕಲಾವಿದರು, ಬರೆದಿಟ್ಟ ನಿಯಮಗಳು, ರಾಜಮರ್ಯಾದೆ ಎಲ್ಲವೂ ಇದ್ದ ಆಟ ಸತ್ತಿತು. ಇವು ಯಾವುವೂ ಇಲ್ಲದ್ದು ಉಳಿಯಿತು. ಇದನ್ನು ಕಾಲದ ಮಹಿಮೆ ಎಂದು ಕೈಬಿಡಲು ನನಗೆ ಒಪ್ಪಿಗೆಯಿಲ್ಲ. ಚೌಕಾಬಾರದ ಅಗ್ಗತನವನ್ನು ನಾವು ಬಡತನದ ಗುರುತೆಂದು ತಿಳಿದಿದ್ದೇವೆ. ಅದು ಆ ಆಟದ ರಚನೆಯ ಒಂದು ಭಾಗ, ಆಟವನ್ನು ಉಳಿಸಿದ್ದೂ ಅದೇ.

ಒಬ್ಬ ಅರಸನ ಹವ್ಯಾಸವನ್ನು ಮಕ್ಕಳಾಟದ ಪಕ್ಕದಲ್ಲಿಟ್ಟು ತೂಗುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. 1799ರಲ್ಲಿ ಐದು ವರ್ಷದ ಹುಡುಗನಾಗಿ ಪಟ್ಟವೇರಿದವರು ಮುಮ್ಮಡಿ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಿ ಸಿಗಲಿಲ್ಲ. ರಾಜ್ಯವಿಲ್ಲದ ರಾಜನಿಗೆ ಹೊತ್ತು ಕಳೆಯಲು ಆಟ ಬೇಕಾಯಿತು ಎಂಬುದು ಬ್ರಿಟಿಷ್ ಅಧಿಕಾರಿಗಳಿಗೆ ಅನುಕೂಲವಾದ ಕಥೆ, ನಮ್ಮವರೂ ಅದನ್ನೇ ಒಪ್ಪಿಸುತ್ತಾರೆ. 1833ರಲ್ಲಿ ಇಂಗ್ಲಿಷ್ ಶಾಲೆ ತೆರೆಸಿ, ಗ್ರಂಥಗಳ ಸಾಲನ್ನೇ ಬರೆಸಿದ ಮನುಷ್ಯನನ್ನು ಬರೀ ಹೊತ್ತು ಕಳೆದವರೆಂದು ತಳ್ಳಿಹಾಕಲಾಗದು. ಅವರ ಆಟಗಳ ಹಿಂದೆ ಗಣಿತವಿದೆ, ಪುರಾಣವಿದೆ, ಅಪಾರ ಶ್ರದ್ಧೆಯಿದೆ. ಇಲ್ಲದ್ದು ಒಂದೇ: ಎಲೆ ಕಳೆದುಹೋದರೆ ಅದರ ಜಾಗದಲ್ಲಿ ಇನ್ನೊಂದನ್ನು ಇಡುವ ಅವಕಾಶ. ಮತ್ಸ್ಯಾವತಾರದ ಒಂದು ಎಲೆ ಹರಿದರೆ ಚಿತ್ರಗಾರನನ್ನು ಕರೆಸಬೇಕು. ಚೌಕಾಬಾರದ ಕಾಯಿ ಕಳೆದರೆ ಬಳೆಚೂರು ಸಾಕು.

ಹಾಗಾದರೆ ಚೌಕಾಬಾರ ಹುಟ್ಟಿದ್ದು ಯಾವಾಗ? ಈ ಪ್ರಶ್ನೆಯೆದುರು ದಾಖಲೆಗಳೆಲ್ಲ ಮೌನವಾಗುತ್ತವೆ. ಪಗಡೆಗೆ ಮಹಾಭಾರತದ ಸಭಾಪರ್ವವನ್ನೇ ಸಾಕ್ಷಿಗೆ ಎಳೆಯುವ ರೂಢಿ ನಮ್ಮಲ್ಲಿದೆ, ಆದರೆ ಶಕುನಿ ಆಡಿಸಿದ ಅಕ್ಷಕ್ರೀಡೆಯೂ ಇಂದಿನ ಪಗಡೆಯೂ ಒಂದೇ ಎಂದು ಹೇಳಲು ಆಧಾರ ಸಾಲದು. ಹಂಪಿಯ ಮಂಟಪಗಳ ಕಲ್ಲುನೆಲದಲ್ಲಿ ಆಡುಹುಲಿಯ ಗೆರೆಗಳು, ಅಳಗುಳಿಯ ಕುಳಿಗಳು ಈಗಲೂ ಕಾಣುತ್ತವೆ. ಅವನ್ನು ತೋರಿಸಿ ವಿಜಯನಗರದ ಸೈನಿಕರು ಆಡುತ್ತಿದ್ದರು ಎಂದು ಹೇಳುವವರಿದ್ದಾರೆ. ಕಲ್ಲು ವಿಜಯನಗರದ್ದೇ ಇರಬಹುದು. ಗೆರೆ ಎಂದಿನದು? ದನ ಮೇಯಿಸಲು ಬಂದ ಹುಡುಗ ನೂರು ವರ್ಷದ ಹಿಂದೆ ಕೊರೆದದ್ದೂ ಆಗಿರಬಹುದು. ನೆಲದಾಟಗಳ ಚರಿತ್ರೆ ಬರೆಯುವವರ ಪಾಡೇ ಇದು. ಸುಣ್ಣದ ಕಡ್ಡಿಯಲ್ಲೋ ಇದ್ದಿಲಿನಲ್ಲೋ ಬರೆದ ಮನೆಗಳು ಮರುದಿನದ ಕಸಬರಿಗೆಗೆ ಅಳಿಸಿಹೋಗುತ್ತವೆ.

ದಾಖಲೆ ಹೇಳದಿದ್ದರೂ ಆಟದ ಸಾಮಗ್ರಿ ಒಂದು ಸಂಗತಿ ಹೇಳುತ್ತದೆ. ಚೌಕಾಬಾರವನ್ನು ಕವಡೆಯಲ್ಲೂ ಆಡುತ್ತಾರೆ, ಆದರೆ ಕವಡೆ ಕಡಲಿನದು, ಒಳನಾಡಿಗೆ ದೂರದಿಂದ ಬರಬೇಕು, ಒಂದು ಕಾಲಕ್ಕೆ ನಾಣ್ಯವಾಗಿಯೂ ಚಲಾವಣೆಯಲ್ಲಿತ್ತು. ಹುಣಸೆಬೀಜ ಹಾಗಲ್ಲ. ಬಯಲುಸೀಮೆಯಲ್ಲಿ ಹುಣಸೆ ಬಡಿಯುವುದು ಸಂಕ್ರಾಂತಿ ಕಳೆದ ಮೇಲೆ. ಯುಗಾದಿಯ ಹೊತ್ತಿಗೆ ಜಗುಲಿಗಳಲ್ಲಿ ಸಿಪ್ಪೆ ಬಿಡಿಸಿ, ಜಜ್ಜಿ, ಬೀಜ ತೆಗೆಯುವ ಕೆಲಸ ನಡೆದಿರುತ್ತದೆ. ಏಪ್ರಿಲ್ ಎರಡನೇ ವಾರದಲ್ಲಿ ಶಾಲೆಗೆ ರಜೆ. ಮಕ್ಕಳು ಮನೆಗೆ ಬಂದು ಬೀಳುವ ಹೊತ್ತಿಗೆ ಸರಿಯಾಗಿ ಮೂಲೆಯಲ್ಲಿ ಬೀಜದ ರಾಶಿ. ಒಂದಿಷ್ಟು ಬೀಜ ಕಂಬಳಿಗೆ ಗಂಜಿ ಹಾಕುವ ನೇಕಾರರಿಗೆ ಹೋಗುತ್ತಿತ್ತು, ಉಳಿದದ್ದರ ಲೆಕ್ಕ ಇಡುವವರಿರಲಿಲ್ಲ. ಶಾಲೆಯ ರಜೆ ಈಚಿನದು, ಹುಣಸೆಯ ಕಾಲ ಪುರಾತನ, ಎರಡೂ ಕೂಡಿಬಂದದ್ದು ಆಕಸ್ಮಿಕವೇ ಸರಿ. ಆ ಆಕಸ್ಮಿಕದಿಂದಲೇ ಈ ಆಟ ಬೇಸಿಗೆ ರಜೆಯ ಆಟವಾಗಿ ನೆಲೆಯಾಯಿತು ಎಂಬುದು ನನ್ನ ಊಹೆ. ತುಳುನಾಡಿನಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುವುದು ಆಟಿ ತಿಂಗಳ ಮಳೆಗೆ. ಅಲ್ಲಿನದು ಬೇಸಾಯದ ಬಿಡುವು, ಲೆಕ್ಕಾಚಾರ ಮಾತ್ರ ಇದೇ.

ಬೀಜ ಸಿಕ್ಕಿದರೆ ಸಾಲದು, ಅದನ್ನು ದಾಳವಾಗಿಸಬೇಕು. ಒರಟು ಕಲ್ಲಿಗೆ ತುಸು ನೀರು ಚಿಮುಕಿಸಿ ಬೀಜದ ಒಂದು ಮಗ್ಗುಲನ್ನು ಉಜ್ಜುತ್ತ ಹೋದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತದೆ. ನೀರಿಲ್ಲದೆ ಉಜ್ಜಿದರೆ ಬೀಜ ಸುಡುವಷ್ಟು ಕಾಯುತ್ತದೆ. ಪಕ್ಕದಲ್ಲಿ ಕೂತವನ ತೋಳಿಗೆ ಅದನ್ನು ಒತ್ತಿ ಓಡಿಹೋಗುವುದು ಆಟಕ್ಕೆ ಮುಂಚಿನ ಆಟ. ಅವಸರದವರು ಎರಡು ಬೀಜವನ್ನು ಸೀಳಿ ನಾಲ್ಕು ಹೋಳು ಮಾಡಿಕೊಳ್ಳುತ್ತಾರೆ. ಬಿಳಿ ಮುಖ ಎಷ್ಟು ಮೇಲೆ ಬಿತ್ತೋ ಅಷ್ಟು ಲೆಕ್ಕ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರ, 8. ಎರಡು ಮುಖಕ್ಕೂ ಸಮಾನ ಅವಕಾಶವಿದ್ದರೆ 16 ಸಲದಲ್ಲಿ ಚೌಕ ಒಂದು ಬಾರಿ, ಬಾರ ಒಂದು ಬಾರಿ, ಎರಡು ಮಾತ್ರ ಆರು ಬಾರಿ ಬೀಳಬೇಕು. ಆದರೆ ಕೈಯಲ್ಲಿ ಉಜ್ಜಿದ ಬೀಜಕ್ಕೆ ಸಮಾನತೆ ಎಲ್ಲಿಂದ ಬರಬೇಕು? ಪ್ರತಿ ಮನೆಯ ದಾಳಕ್ಕೂ ಅದರದೇ ಒಲವು. ಯಾವ ಬೀಜ ಯಾವ ಮಗ್ಗುಲಿಗೆ ಬೀಳುತ್ತದೆಂದು ವಾರದೊಳಗೆ ಪತ್ತೆ ಹಚ್ಚುವ ಮಗು, ಪಾಠದಲ್ಲಿ ಬರುವುದಕ್ಕೆ ವರ್ಷಗಳ ಮುಂಚೆಯೇ ಸಂಭವನೀಯತೆಯನ್ನು ಬೆರಳ ತುದಿಯಲ್ಲಿ ಕಲಿತಿರುತ್ತದೆ.

ನಿಯಮಗಳದೂ ಹೀಗೆಯೇ. ಹೊರಸುತ್ತಿನ 16 ಮನೆ ದಾಟಿ, ಒಳಸುತ್ತಿನ ಎಂಟರಲ್ಲಿ ತಿರುವು ಬದಲಿಸಿ, ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ ಎಂಬಲ್ಲಿಗೆ ಎಲ್ಲರ ಒಪ್ಪಿಗೆ. ಒಂದಾದರೂ ಕಾಯಿ ಕಡಿಯದವರು ಒಳಸುತ್ತಿಗೆ ಹೋಗಬಹುದೇ, ಗಟ್ಟಿಯಾದ ಜೋಡಿಯನ್ನು ಒಂಟಿ ಕಾಯಿ ದಾಟಬಹುದೇ, ಚೌಕ ಬಾರ ಸಾಲಾಗಿ ಬಿದ್ದರೆ ಎಷ್ಟು ಗರ ಲೆಕ್ಕಕ್ಕೆ ಎಂಬಲ್ಲಿ ಬೀದಿಗೊಂದು ಶಾಸ್ತ್ರ. ರಜೆಗೆಂದು ಬೇರೆ ಬೇರೆ ಊರಿಂದ ಅಜ್ಜಿಮನೆಯಲ್ಲಿ ಕೂಡಿದ ಮಕ್ಕಳು ಆಟಕ್ಕೆ ಮುಂಚೆ ಇದನ್ನೆಲ್ಲ ಚರ್ಚಿಸಿ ತೀರ್ಮಾನಿಸಬೇಕು. ದೊಡ್ಡವರು ಇದನ್ನು ಜಗಳ ಎನ್ನುತ್ತಾರೆ. ಅದು ಶಾಸನಸಭೆ, ಈಗಿನ ಕೆಲವು ಶಾಸನಸಭೆಗಳಿಗಿಂತ ಚೊಕ್ಕವಾಗಿಯೇ ನಡೆಯುತ್ತಿತ್ತು.

19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನವರು ನಮ್ಮ ಪಚ್ಚೀಸಿಯನ್ನೇ ಸರಳಗೊಳಿಸಿ, ಕವಡೆಯ ಬದಲು ಆರು ಮುಖದ ದಾಳವಿಟ್ಟು, ಲೂಡೊ ಎಂದು ಹೆಸರಿಸಿ ಪೇಟೆಂಟ್ ಮಾಡಿಕೊಂಡರು. ಅದು ರಟ್ಟಿನ ಹಲಗೆಯಾಗಿ ಇಲ್ಲಿಗೇ ಮರಳಿತು. ಇದನ್ನು ಪರಕೀಯರ ಪಿತೂರಿ ಎಂದು ಕೂಗಬೇಕಾಗಿಲ್ಲ. ಲೂಡೊ ಒಳ್ಳೆಯ ಆಟ, ದುಬಾರಿಯದೂ ಅಲ್ಲ. ಆದರೆ ಹಲಗೆ ಅಂಗಡಿಯಿಂದ ಬಂದಿತು, ನಿಯಮ ಅದರ ಜೊತೆಗೇ ಅಚ್ಚಾಗಿ ಬಂದಿತು. ಉಜ್ಜುವ ಕೆಲಸವೂ ವಾದಿಸುವ ಕೆಲಸವೂ ಅಲ್ಲಿಗೆ ಮುಗಿದವು. ಅರ್ಧ ದಿನ ತುಂಬುತ್ತಿದ್ದ ಆಟ ಅರ್ಧ ಗಂಟೆಗೆ ಇಳಿಯಿತು, ಉಳಿದ ಹೊತ್ತಿಗೆ ಏನು ಮಾಡಲಿ ಎಂಬ ಪ್ರಶ್ನೆ ಮನೆಯೊಳಗೆ ಬಂದು ಕೂತಿತು. ಸಾವಿರಾರು ರೂಪಾಯಿ ಶುಲ್ಕದ ಬೇಸಿಗೆ ಶಿಬಿರಗಳು ಉತ್ತರಿಸುತ್ತಿರುವುದು ಈ ಪ್ರಶ್ನೆಗೇ.

ಇದೆಲ್ಲ ಹಳತಿನ ಹಂಬಲ ಎನ್ನುವವರಿಗೆ ಹೇಳಲು ಬೇಕಾದಷ್ಟಿದೆ. ಆ ಅಂಗಳಗಳಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಕೂರಲು ಜಾಗವಿರಲಿಲ್ಲ. ರಜೆ ಎಂದರೆ ಕೂಲಿಗೆ ಹೋಗುವ ಕಾಲ ಎಂದೇ ತಿಳಿದ ಮಕ್ಕಳಿದ್ದರು. ಹುಣಸೆ ಜಜ್ಜುತ್ತ ಕೂತವರಲ್ಲಿ ಅವರೂ ಇದ್ದರು. ಹುಡುಗಿಯರಿಗೆ ಜಗುಲಿಯಾಟ ಸಿಕ್ಕಿದ್ದಾದರೂ ಬೀದಿಯಾಟ ಬೇಡವೆಂದ ಕಾರಣಕ್ಕೆ. ಈ ಮಾತುಗಳನ್ನೆಲ್ಲ ಒಪ್ಪಲೇಬೇಕು. ಆದರೆ ಅಂಗಳದ ಬೇಲಿ ಕಟ್ಟಿದ್ದು ಸಮಾಜ, ಆಟವಲ್ಲ. ಬೇಲಿಯ ಈಚೆಗೂ ಆಚೆಗೂ ನೆಲವಿತ್ತು, ಬೀಜವಿತ್ತು, ಎರಡೂ ಕಡೆ ಅದೇ ಐದೈದು ಮನೆ ಬರೆಯುತ್ತಿದ್ದರು. ಶುಲ್ಕ ಕಟ್ಟಿ ಸೇರುವ ಶಿಬಿರದ ಬಗ್ಗೆ ಈ ಮಾತು ಹೇಳಲಾಗದು. ಇನ್ನು ಮೊಬೈಲಿನಲ್ಲಿ ಚೌಕಾಬಾರವೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ. ಆದರೆ ಗಟ್ಟಿಯ ನಿಯಮ ಹೀಗಿರಲಿ ಎಂದು ಅದರೊಡನೆ ವಾದಿಸಲಾಗದು.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಈ ಆಟಗಳನ್ನು, ಮುಮ್ಮಡಿಯವರ ಆಟಗಳನ್ನೂ, ಜನರ ಮುಂದೆ ತಂದದ್ದು ದೊಡ್ಡ ಕೆಲಸ. ನನ್ನ ಸಿಡಿಮಿಡಿ ಅದರ ಬೆನ್ನಿಗೇ ಹುಟ್ಟಿಕೊಂಡ ಪೇಟೆಯ ಮೇಲೆ. ಕಸೂತಿಯ ಹಾಸು, ಹೊಳೆಯುವ ಹಿತ್ತಾಳೆಯ ಕಾಯಿ, ಉಡುಗೊರೆಯ ಪೆಟ್ಟಿಗೆ. ಇಂಥದ್ದು ಬೈಠಕ್‌ಖಾನೆಯ ಗಾಜಿನ ಕಪಾಟು ಸೇರುತ್ತದೆ, ಮಕ್ಕಳು ಮುಟ್ಟಿದರೆ ಗದರಿಕೆ. ಮುಮ್ಮಡಿಯವರ ಎಲೆಗಳಿಗೆ ಬಂದ ಗತಿಯೇ ಚೌಕಾಬಾರಕ್ಕೂ ಬರಬೇಕೆಂದು ಹಟ ತೊಟ್ಟಂತಿದೆ. ಈ ನಡುವೆ ನಗರದ ಮಕ್ಕಳಿಗೆ ನಿಜಕ್ಕೂ ಇಲ್ಲವಾಗಿರುವುದು ಹಾಸಲ್ಲ, ಬೀಜ. ಅಡುಗೆಮನೆಗೆ ಹುಣಸೆ ಬರುವುದು ಬೀಜ ತೆಗೆದ ಪೊಟ್ಟಣದಲ್ಲಿ, ಇಲ್ಲವೇ ಬಾಟಲಿಯ ರಸವಾಗಿ. ಬೀಜ ಸಹಿತ ಹುಣಸೆ ಸಂತೆಗಳಲ್ಲಿ ಈಗಲೂ ಸಿಗುತ್ತದೆ, ಬೀಜ ತೆಗೆದದ್ದಕ್ಕಿಂತ ಅಗ್ಗವಾಗಿಯೇ. ಅರ್ಧ ಕೆಜಿ ತಂದರೆ ಸಾರಿಗೆ ಹುಳಿಯೂ ಆಯಿತು, ಓಣಿಯ ಮಕ್ಕಳಿಗೆಲ್ಲ ಆಗಿ ಮಿಗುವಷ್ಟು ದಾಳವೂ ಆಯಿತು.