ಊರು ಬೆಳೆದರೆ ಮನೆ ತೆರಿಗೆ ಏರಲೇಬೇಕೆ?

2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆ ರಾಯಚೂರು ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡಲು ಒಪ್ಪಿತು. ಇಂಥ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, ‘ಪಾಲಿಕೆಯಾದರೆ ತೆರಿಗೆ ಏರುವುದು ಗ್ಯಾರಂಟಿ’. ಇನ್ನೊಂದು ಇದಕ್ಕೆ ತದ್ವಿರುದ್ಧ: ‘ಊರು ಬೆಳೆದರೆ ತೆರಿಗೆ ಕಟ್ಟುವವರು ಹೆಚ್ಚುತ್ತಾರೆ, ನಮ್ಮ ಹೊರೆ ತಾನಾಗಿಯೇ ಇಳಿಯುತ್ತದೆ’. ಎರಡನ್ನೂ ಒರೆಗೆ ಹಚ್ಚಿ ನೋಡೋಣ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯ ಲೆಕ್ಕ ಶುರುವಾಗುವುದು ನೋಂದಣಿ ಇಲಾಖೆ ನಿಗದಿ ಮಾಡುವ ಮಾರ್ಗಸೂಚಿ ದರದಿಂದ. ಅದರ ಮೇಲೆ ಕಾನೂನು ಹಾಕಿದ ಮಿತಿಯೊಳಗೆ ಸ್ಥಳೀಯ ಸಂಸ್ಥೆ ದರ ಗೊತ್ತುಮಾಡುತ್ತದೆ. ಬೋರ್ಡಿನ ಮೇಲೆ ನಗರಸಭೆ ಎಂದಿದೆಯೋ ಪಾಲಿಕೆ ಎಂದಿದೆಯೋ ಎಂಬುದರಿಂದಲೇ ತೆರಿಗೆ ಏರುವುದಿಲ್ಲ. ಆದರೆ ಊರು ಬೆಳೆದಂತೆ ಜಾಗದ ಬೆಲೆ ಏರುತ್ತದೆ, ಮಾರ್ಗಸೂಚಿ ದರವೂ ಅದರ ಹಿಂದೆ ಏರುತ್ತದೆ. ಜನರ ಅನುಮಾನ ಪೂರ್ತಿ ಸುಳ್ಳಲ್ಲ, ದೂರುತ್ತಿರುವ ಜಾಗ ಮಾತ್ರ ತಪ್ಪು.

ಎರಡನೆಯ ಮಾತು ಕೇಳಲು ಸರಿಯೆನಿಸಿದರೂ ಹೆಚ್ಚು ಮೋಸ ಮಾಡುವುದು ಅದೇ. 30×40 ಸೈಟುಗಳ ಒಂದು ಬೀದಿ ತೆಗೆದುಕೊಳ್ಳಿ. ಒಂದು ಸೈಟಿನ ಮುಂಭಾಗ 30 ಅಡಿ, ಅಂದರೆ ಸುಮಾರು 9 ಮೀಟರ್. ರಸ್ತೆಯ ಎರಡೂ ಬದಿ ಮನೆಗಳು ತುಂಬಿದ್ದರೆ ಒಂದು ಮನೆಯ ಪಾಲಿಗೆ ಬರುವ ನೀರಿನ ಕೊಳವೆ ನಾಲ್ಕೂವರೆ ಮೀಟರ್. ನಾಲ್ಕು ಸೈಟಿನಲ್ಲಿ ಒಂದರಲ್ಲಷ್ಟೇ ಮನೆ ಎದ್ದಿದ್ದರೆ ಅದು 18 ಮೀಟರ್ ಆಗುತ್ತದೆ. ಆ ಲೇಔಟ್ ಊರಿನಿಂದ ಒಂದು ಕಿಲೋಮೀಟರ್ ಆಚೆ, ಹೊಲಗಳ ನಡುವೆ ಇದ್ದು, ಅಲ್ಲಿರುವುದು 100 ಮನೆ ಅನ್ನಿ. ಊರಿನಿಂದ ಅಲ್ಲಿಗೆ ಎಳೆದ ಕೊಳವೆಯಲ್ಲಿ ಮನೆಗೆ ಮತ್ತೆ 10 ಮೀಟರ್ ಸೇರಿ ಒಟ್ಟು 28. ಊರೊಳಗಿನ ಮನೆಗಿಂತ ಆರು ಪಟ್ಟು! ರಸ್ತೆ, ಬೀದಿದೀಪ, ಕಸದ ಗಾಡಿಯ ಡೀಸೆಲ್, ಎಲ್ಲವೂ ಹೀಗೇ ಹಿಗ್ಗುತ್ತವೆ. ಆ ಮನೆಯವರು ಕಟ್ಟುವ ತೆರಿಗೆ ಮಾತ್ರ ಆರು ಪಟ್ಟು ಇರುವುದಿಲ್ಲ. ಊರ ಹೊರಗೆ ಜಾಗ ಅಗ್ಗವಾದ್ದರಿಂದ ಅದು ಕಡಿಮೆಯೇ ಇರುತ್ತದೆ. ಉಳಿದ ಖರ್ಚನ್ನು ತುಂಬುವವರು ಹಳೇ ಓಣಿಗಳ ಜನ.

ಅಂದರೆ ತೆರಿಗೆದಾರನಿಗೆ ಹೊರೆಯಾಗುವುದು ಬೆಳವಣಿಗೆ ಅಲ್ಲ, ಚದುರಿದ ಬೆಳವಣಿಗೆ. ಊರೊಳಗಿನ ಖಾಲಿ ಪ್ಲಾಟುಗಳು ಮೊದಲು ತುಂಬಿದರೆ ಹೊಸ ಕೊಳವೆಯನ್ನೇ ಹಾಕದೆ ತೆರಿಗೆ ಕಟ್ಟುವ ಮನೆಗಳು ಸಿಗುತ್ತವೆ.

ಹಾಗಾದರೆ ಹೊರಗಿನ ಲೇಔಟಿನ ಖರ್ಚನ್ನು ಯಾರು ಹೊರಬೇಕು? ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಂ ಪ್ರಕಾರ, ಲೇಔಟಿಗೆ ಒಪ್ಪಿಗೆ ಕೊಡುವಾಗಲೇ ನೀರು ಸರಬರಾಜು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆಗಳಿಗೆ ಸೆಸ್ ಮತ್ತು ಸರ್ಚಾರ್ಜ್ ವಸೂಲಿ ಮಾಡಬಹುದು. ರಸ್ತೆ, ಚರಂಡಿ, ಪಾರ್ಕ್ ಸಿದ್ಧಪಡಿಸಿ ಒಪ್ಪಿಸುವುದು ಲೇಔಟ್ ಮಾಡಿದವರ ಕೆಲಸ. ಲಾಭ ಪಡೆದವರೇ ಖರ್ಚು ಹೊರುವ ನ್ಯಾಯವಾದ ದಾರಿ ಇದು ಎಂಬುದು ನಮ್ಮ ಅಭಿಪ್ರಾಯ. ತೊಂದರೆ ಎಲ್ಲೆಂದರೆ, ಹೊಲವನ್ನು ಎನ್‌ಎ ಸಹ ಮಾಡಿಸದೆ ತುಂಡು ಮಾಡಿ ಮಾರಿದಾಗ ಈ ಹಣ ಬರುವುದೇ ಇಲ್ಲ. ಹತ್ತು ವರ್ಷದ ನಂತರ ಅಲ್ಲಿನ ಜನ ನಳ ಕೇಳುತ್ತಾರೆ (ಕೇಳುವುದು ಸರಿಯೇ), ಆಗ ಮಾರಿದವರು ಎಲ್ಲೋ ಇರುತ್ತಾರೆ.

ಇಂಥ ಮನೆಗಳು ತೆರಿಗೆ ಪುಸ್ತಕದಲ್ಲೂ ಇಲ್ಲದಿದ್ದರೆ ಪೆಟ್ಟು ಎರಡು. ಒಂದು ಬಡಾವಣೆಯ ಸೇವೆಗೆ ವರ್ಷಕ್ಕೆ 1,20,000 ರೂಪಾಯಿ ಬೇಕು ಅಂದುಕೊಳ್ಳಿ. 100 ಮನೆಗಳೂ ಕಟ್ಟಿದರೆ ತಲಾ 1,200. ಅರವತ್ತು ಮಾತ್ರ ಪುಸ್ತಕದಲ್ಲಿದ್ದರೆ ತಲಾ 2,000. ದರ ಏರಿಸುವ ಮೊದಲು ಪುಸ್ತಕ ತುಂಬಿಸಬೇಕು ಎನ್ನುವುದು ಇದಕ್ಕೇ. 2025ರ ಫೆಬ್ರುವರಿಯಲ್ಲಿ ಸರ್ಕಾರ ರಾಜ್ಯದ ನಗರ, ಪಟ್ಟಣಗಳಲ್ಲಿ ಬಿ ಖಾತಾ ಅಭಿಯಾನ ಶುರು ಮಾಡಿದ್ದರ ಹಿಂದಿನ ಒಂದು ಲೆಕ್ಕಾಚಾರವೂ ಇದೇ. ಆದರೆ ಬಿ ಖಾತಾ ಸಿಕ್ಕ ಮಾತ್ರಕ್ಕೆ ಲೇಔಟ್ ಸಕ್ರಮವಾಗುವುದಿಲ್ಲ, ಇಲ್ಲದ ಚರಂಡಿ ಬರುವುದೂ ಇಲ್ಲ.

‘ಸರ್ಕಾರದಿಂದ ಅನುದಾನ ತಂದರಾಯಿತಲ್ಲ?’ ಎಂದು ನೀವು ಕೇಳಬಹುದು. ರಾಯಚೂರು ಅಮೃತ್ ಯೋಜನೆಯ ನಗರಗಳಲ್ಲಿ ಒಂದು. 371ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿವರೆಗೆ ಘೋಷಣೆಯಾಗಿದೆ. ಡಾ. ನಂಜುಂಡಪ್ಪ ಸಮಿತಿಯ 2002ರ ವರದಿ ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿದ್ದ ದೇವದುರ್ಗದಂಥ ಕಡೆ, ಪಕ್ಕದ ಮಾನ್ವಿಯಲ್ಲೂ, ಇಂಥ ಹಣವಿಲ್ಲದೆ ಸ್ಥಳೀಯ ತೆರಿಗೆಯಿಂದಲೇ ದೊಡ್ಡ ನೀರಿನ ಯೋಜನೆ ಮಾಡಲು ಆಗದು. ಅದು ಭಿಕ್ಷೆಯಲ್ಲ, ಹಕ್ಕು. ಆದರೆ ಈ ಹಣ ಮುಖ್ಯವಾಗಿ ಕಟ್ಟಲು ಬರುತ್ತದೆ. ಕಟ್ಟಿದ ಮೇಲೆ ಮೋಟಾರಿನ ಕರೆಂಟ್ ಬಿಲ್ಲು, ಫಿಲ್ಟರ್ ತೊಳೆಯುವ ಆಳು, ಕ್ಲೋರಿನ್, ಒಡೆದ ವಾಲ್ವ್ ಎಲ್ಲಕ್ಕೂ ವರ್ಷ ವರ್ಷ ಊರಿನ ಸ್ವಂತ ಆದಾಯದ ಮೇಲೆ ಕಣ್ಣಿಡಬೇಕಾಗುತ್ತದೆ.

ನಿರ್ವಹಣೆ ತಪ್ಪಿದರೆ ಏನಾಗುತ್ತದೆ ಎಂಬುದು ರಾಯಚೂರಿಗೆ ಗೊತ್ತು. 2022ರ ಮೇ ಕೊನೆ, ಜೂನ್ ಮೊದಲಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳಾದವು. ರಾಂಪುರದ ನೀರು ಶುದ್ಧೀಕರಣ ಘಟಕವನ್ನು ಸರಿಯಾಗಿ ಶುಚಿ ಮಾಡಿರಲಿಲ್ಲ ಎಂಬ ದೂರು ಆಗ ರಾಜ್ಯವೆಲ್ಲ ಚರ್ಚೆಯಾಯಿತು. ಇದಕ್ಕೆ ಹಣದ ಕೊರತೆಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ಘಟಕ ಇತ್ತು, ಅದನ್ನು ಕಟ್ಟಲು ಹಿಂದೆ ಹಣವೂ ಬಂದಿತ್ತು, ತಪ್ಪಿದ್ದು ದಿನನಿತ್ಯದ ಕೆಲಸ ಎಂಬುದಷ್ಟೇ ಇಲ್ಲಿ ಮುಖ್ಯ. ತೆರಿಗೆ ಕಡಿಮೆ ಇಡಲು ನಿರ್ವಹಣೆಯ ಖರ್ಚು ಕತ್ತರಿಸುವುದು ಉಳಿತಾಯವಲ್ಲ. ಆ ಹಣವನ್ನು ಬಡವರು ಆಸ್ಪತ್ರೆಯ ಬಿಲ್ಲಿನಲ್ಲಿ ಕಟ್ಟುತ್ತಾರೆ.

ಅನುದಾನಕ್ಕೂ ಈಗ ಷರತ್ತುಗಳಿವೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಗರ ಸಂಸ್ಥೆಗಳ ಅನುದಾನಕ್ಕೆ ಆಸ್ತಿ ತೆರಿಗೆಯ ಕನಿಷ್ಠ ದರ ಪ್ರಕಟಿಸಬೇಕು, ವಸೂಲಿ ರಾಜ್ಯದ ಆರ್ಥಿಕತೆ ಬೆಳೆದ ಮಟ್ಟಿಗಾದರೂ ಬೆಳೆಯಬೇಕು ಎಂದಿತು. ಗಮನಿಸಿ, ಬೆಳೆಯಬೇಕಾದದ್ದು ವಸೂಲಿ. ಬಾಕಿದಾರರು ಕಟ್ಟಿದರೂ ಅದು ಬೆಳೆಯುತ್ತದೆ, ಈಗಾಗಲೇ ಕಟ್ಟುವವರ ದರ ಏರಿಸಿದರೂ ಬೆಳೆಯುತ್ತದೆ. ಯಾವುದನ್ನು ಆರಿಸುವುದು ಎಂಬುದು ಸ್ಥಳೀಯ ಸಂಸ್ಥೆಯ ಕೈಲಿದೆ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ಮೂಲವಿದೆ. ಸಂವಿಧಾನದ 285ನೇ ವಿಧಿಯಿಂದಾಗಿ ರೈಲ್ವೆ, ಅಂಚೆಯಂಥ ಕೇಂದ್ರ ಸರ್ಕಾರದ ಆಸ್ತಿಗಳಿಗೆ ಆಸ್ತಿ ತೆರಿಗೆ ಇಲ್ಲ. ಆದರೆ ಅವು ಪಡೆಯುವ ಸೇವೆಗೆ ಶುಲ್ಕ ಕೇಳಬಹುದು. 2009ರಲ್ಲಿ ರಾಜಕೋಟ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದಕ್ಕೆ ಸೂತ್ರವೂ ಆಯಿತು: ಎಷ್ಟು ಸೇವೆ ಬಳಸುತ್ತಾರೆ ಎಂಬುದನ್ನು ನೋಡಿ ತೆರಿಗೆಯ ಶೇ 75, ಶೇ 50 ಅಥವಾ ಮೂರನೇ ಒಂದು ಭಾಗ. ರಾಯಚೂರಿನಂಥ ದೊಡ್ಡ ರೈಲು ನಿಲ್ದಾಣದ ಊರಿಗೆ ಇದು ಚಿಲ್ಲರೆ ವಿಷಯವಲ್ಲ.

ನೀವು ಮಾನ್ವಿಯಲ್ಲೋ ದೇವದುರ್ಗದಲ್ಲೋ ಪ್ಲಾಟ್ ಕೊಳ್ಳಲು ಹೊರಟಿದ್ದರೆ ಬೆಲೆಯ ಜೊತೆಗೆ ಒಂದು ಪ್ರಶ್ನೆ ಕೇಳಿ: ಈ ಲೇಔಟಿನ ರಸ್ತೆ, ಚರಂಡಿ, ಪಾರ್ಕ್ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿವೆಯೇ? ಆಗಿದ್ದರೆ ಕಾಗದ ಇರುತ್ತದೆ, ಕಚೇರಿಯಲ್ಲಿ ಕೇಳಿ ನೋಡಬಹುದು, ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಆಗಿಲ್ಲದಿದ್ದರೆ ಬೀದಿದೀಪ ಕೆಟ್ಟ ದಿನ ‘ಅದು ಇನ್ನೂ ನಮಗೆ ಬಂದಿಲ್ಲ’ ಎಂಬ ಉತ್ತರ ಸಿಗುತ್ತದೆ.