ಹದಿಹರೆಯದ ಸೂಪರ್‌ಹೀರೊಗಳು: ಕಾಮಿಕ್ಸ್ ಸರಣಿಗಳ ಸೆಳೆತ

ಅಮೆರಿಕದಲ್ಲಿ ಸೂಪರ್‌ಹೀರೊ ಕಾಮಿಕ್ಸ್ ಶುರುವಾದಾಗ ಅದರ ಓದುಗರಲ್ಲಿ ದೊಡ್ಡ ಪಾಲು ಶಾಲೆಗೆ ಹೋಗುವ ಮಕ್ಕಳದು. ನಾಯಕರು ಮಾತ್ರ ದೊಡ್ಡವರು. 1938ರಲ್ಲಿ ಬಂದ ಸೂಪರ್‌ಮ್ಯಾನ್ ಪತ್ರಿಕೆಯೊಂದರ ವರದಿಗಾರ, 1939ರ ಬ್ಯಾಟ್‌ಮ್ಯಾನ್ ಆಗರ್ಭ ಶ್ರೀಮಂತ. ಓದುವವರ ವಯಸ್ಸಿಗೂ ನಾಯಕನ ವಯಸ್ಸಿಗೂ ಇದ್ದ ಈ ಅಂತರವನ್ನು ತಗ್ಗಿಸಲು ಲೇಖಕರು ಹೂಡಿದ ಉಪಾಯಗಳಿಂದಲೇ ಹದಿಹರೆಯದ ಸೂಪರ್‌ಹೀರೊ ರೂಪುಗೊಂಡ. ಎಂಟು ದಶಕ ಕಳೆದರೂ ಇಂಥ ಸರಣಿಗಳಿಗೆ ಓದುಗರ ಬರ ಬಂದಿಲ್ಲ. ಅದಕ್ಕೆ ಮುಖ್ಯ ಕಾರಣ ಆ ಹುಡುಗ ಹುಡುಗಿಯರಿಗಿರುವ ಶಕ್ತಿಯಲ್ಲ. ಅಷ್ಟೆಲ್ಲ ಶಕ್ತಿಯಿದ್ದೂ ಬಗೆಹರಿಯದೆ ಉಳಿಯುವ ಅವರ ಕಷ್ಟಗಳು.

ಜೊತೆಗಾರನಿಂದ ನಾಯಕನವರೆಗೆ

ಮೊದಲ ಉಪಾಯ ಹುಡುಗನನ್ನೇ ದೊಡ್ಡವನನ್ನಾಗಿ ಮಾಡುವುದು. 1940ರಲ್ಲಿ ಬಂದ ಕ್ಯಾಪ್ಟನ್ ಮಾರ್ವೆಲ್ ಕಥೆಗಳಲ್ಲಿ ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಹುಡುಗ ‘ಶಜಾಮ್’ ಎಂದೊಡನೆ ಮಹಾಬಲಶಾಲಿ ಗಂಡಸಾಗುತ್ತಾನೆ. ಎರಡನೆಯ ಉಪಾಯ ದೊಡ್ಡ ನಾಯಕನ ಪಕ್ಕದಲ್ಲಿ ಹುಡುಗನೊಬ್ಬನನ್ನು ನಿಲ್ಲಿಸುವುದು. ಅದೇ ವರ್ಷ ‘ಡಿಟೆಕ್ಟಿವ್ ಕಾಮಿಕ್ಸ್’ನ 38ನೇ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್‌ಗೆ ರಾಬಿನ್ ಜೊತೆಯಾದ. ಲೇಖಕ ಬಿಲ್ ಫಿಂಗರ್‌ಗೆ ಇದರಿಂದ ಇನ್ನೊಂದು ಅನುಕೂಲವೂ ಆಯಿತು: ಅಲ್ಲಿಯವರೆಗೆ ಒಂಟಿಯಾಗಿದ್ದ ಬ್ಯಾಟ್‌ಮ್ಯಾನ್‌ಗೆ ಮಾತಾಡಲು ಒಬ್ಬರು ಸಿಕ್ಕರು. 1941ರಲ್ಲಿ ಕ್ಯಾಪ್ಟನ್ ಅಮೆರಿಕನ ಜೊತೆಗೆ ಬಕಿ ಬಂದ.

ಎರಡೂ ಉಪಾಯಗಳಿಗೆ ಒಂದೇ ಮಿತಿ. ಬಿಲ್ಲಿಯ ಕಥೆಯಲ್ಲಿ ಸಾಹಸದ ಗಳಿಗೆ ಬಂದಾಗ ಹುಡುಗ ಮಾಯವಾಗುತ್ತಾನೆ. ರಾಬಿನ್ ಕಥೆಯಲ್ಲಿ ಅವನು ಕಣ್ಣೆದುರಿಗಿದ್ದರೂ ಕೊನೆಯ ಮಾತು ದೊಡ್ಡವರದೇ. 1958ರಲ್ಲಿ ಡಿ.ಸಿ. ಸಂಸ್ಥೆ ಪರಿಚಯಿಸಿದ ‘ಲೀಜನ್ ಆಫ್ ಸೂಪರ್‌ಹೀರೋಸ್’ ಈ ಮಿತಿಯನ್ನು ದಾಟಿತು. ಇದು 30ನೇ ಶತಮಾನದ ಹದಿಹರೆಯದವರು ತಾವೇ ಕಟ್ಟಿಕೊಂಡು, ತಾವೇ ನಡೆಸುವ ಕೂಟ. 1966ರಲ್ಲಿ ಈ ತಂಡದ ಕಥೆಗಳನ್ನು ಬರೆಯತೊಡಗಿದ ಜಿಮ್ ಶೂಟರ್‌ಗೆ ಆಗ ಬರೀ 14 ವರ್ಷ. ಓದುಗರ ವಯಸ್ಸಿನವನೇ ಲೇಖಕನೂ ಆದ ಅಪರೂಪದ ಪ್ರಸಂಗವಿದು.

ಹಣವಾಗದ ಚೆಕ್ಕು

ಈ ಪ್ರಕಾರದ ಚಹರೆಯನ್ನೇ ಬದಲಿಸಿದ್ದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆ. 12 ಸೆಂಟ್ ಬೆಲೆಯ ಆ ಪುಸ್ತಕದಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ 11 ಪುಟಗಳಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ ಕಥೆ ಹೇಳಿದರು. ಪೀಟರ್ ಪಾರ್ಕರ್ ನ್ಯೂಯಾರ್ಕ್‌ನ ಹೈಸ್ಕೂಲ್ ಹುಡುಗ, ಓದಿನಲ್ಲಿ ಮುಂದು, ಗೆಳೆಯರ ಬಳಗದಲ್ಲಿ ಯಾರಿಗೂ ಬೇಡದವನು. ವಿಕಿರಣ ಸೋಕಿದ ಜೇಡ ಕಚ್ಚಿ ಶಕ್ತಿ ಬಂದೊಡನೆ ಅವನು ಲೋಕವನ್ನು ಕಾಪಾಡಲು ಹೊರಡುವುದಿಲ್ಲ. ಕುಸ್ತಿಯ ಕಣದಲ್ಲಿ ಮೂರು ನಿಮಿಷ ನಿಂತು 100 ಡಾಲರ್ ಗೆಲ್ಲಲು ಹೋಗುತ್ತಾನೆ, ಟೀವಿಯಲ್ಲಿ ಹೆಸರು ಮಾಡುತ್ತಾನೆ. ಎದುರಿಗೇ ಓಡುತ್ತಿದ್ದ ಕಳ್ಳನನ್ನು ತನಗೇಕೆ ಉಸಾಬರಿ ಎಂದು ಬಿಟ್ಟುಬಿಡುತ್ತಾನೆ. ಮುಂದೆ ತನ್ನನ್ನು ಸಾಕಿದ ಬೆನ್ ಅಂಕಲ್‌ನನ್ನು ಕೊಂದವನು ಅದೇ ಕಳ್ಳನೆಂದು ತಿಳಿಯುತ್ತದೆ. ಎಲ್ಲ ಬಲ್ಲೆನೆಂಬ ಹುಮ್ಮಸ್ಸು, ಅದರ ಬೆನ್ನಿಗೇ ಬರುವ ಪಶ್ಚಾತ್ತಾಪ: ಹದಿಹರೆಯದ ಇವೆರಡೂ ಈ ಪುಟ್ಟ ಕಥೆಯಲ್ಲಿ ಅಡಕವಾಗಿವೆ.

1963ರಲ್ಲಿ ಸ್ವಂತ ಸರಣಿ ಶುರುವಾದಾಗ ಅದರ ಮೊದಲ ಸಂಚಿಕೆಯ ಚಿಂತೆ ಮನೆಬಾಡಿಗೆಯದು. ಬೆನ್ ಅಂಕಲ್‌ನ ಹೆಂಡತಿ ಮೇ ಆಂಟಿ ಒಡವೆ ಗಿರವಿ ಇಡುವುದನ್ನು ಪೀಟರ್ ನೋಡುತ್ತಾನೆ. ಪ್ರದರ್ಶನ ಕೊಟ್ಟು ಸಂಪಾದಿಸಿದರೆ ಸಂಭಾವನೆಯ ಚೆಕ್ಕು ಸ್ಪೈಡರ್‌ಮ್ಯಾನ್ ಹೆಸರಿಗೆ ಬಂದಿರುತ್ತದೆ. ವೇಷದಲ್ಲೇ ಬ್ಯಾಂಕಿಗೆ ಹೋದ ಅವನನ್ನು ಗುಮಾಸ್ತ ಗುರುತಿನ ಪುರಾವೆ ಕೇಳುತ್ತಾನೆ. ಇಂಥ ಬಟ್ಟೆ ಯಾರು ಬೇಕಾದರೂ ಹಾಕಿಕೊಳ್ಳಬಹುದು ಎನ್ನುತ್ತಾನೆ. ಗೋಡೆ ಹತ್ತಬಲ್ಲವನು ಚೆಕ್ಕನ್ನು ಹಣ ಮಾಡಿಕೊಳ್ಳಲಾರದೆ ಹಿಂತಿರುಗುತ್ತಾನೆ. ಸೂಪರ್‌ಮ್ಯಾನ್ ಕಥೆಗಳಲ್ಲಿ ಕಾಣದಿದ್ದ ಈ ಪೇಚಾಟವೇ ಓದುಗರನ್ನು ಪೀಟರ್‌ಗೆ ಹತ್ತಿರ ತಂದಿತು. ಡಿಟ್ಕೊ ಬರೆದ ಮುಖವಾಡವೂ ಇದಕ್ಕೆ ನೆರವಾಯಿತು. ಅದು ಮುಖವನ್ನು ಪೂರ್ತಿ ಮುಚ್ಚುತ್ತದೆ. ಒಳಗಿರುವವನ ಮೈಬಣ್ಣ ಯಾವುದೆಂದು ತಿಳಿಯುವುದಿಲ್ಲ.

ಮೈ ಬದಲಾಗುವ ವಯಸ್ಸು

1963ರಲ್ಲೇ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ‘ಎಕ್ಸ್-ಮೆನ್’ ಆರಂಭಿಸಿದರು. ಇಲ್ಲಿನವರಿಗೆ ಶಕ್ತಿ ಹುಟ್ಟಿನಿಂದಲೇ ಬಂದದ್ದು. ಆದರೆ ಬಹುಪಾಲು ಅದು ಹೊರಬೀಳುವುದು ಹರೆಯಕ್ಕೆ ಕಾಲಿಡುವಾಗ. ಸೈಕ್ಲಾಪ್ಸ್ ಕೆಂಪು ಗಾಜಿಲ್ಲದೆ ಕಣ್ಣು ತೆರೆದರೆ ಎದುರಿಗಿರುವುದು ಪುಡಿಯಾಗುತ್ತದೆ. ನಂತರದ ವರ್ಷಗಳಲ್ಲಿ ಬಂದ ರೋಗ್ ಎಂಬಾಕೆ ಯಾರನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. 1980ರಲ್ಲಿ ಕಥೆಗೆ ಬಂದ ಕಿಟ್ಟಿ ಪ್ರೈಡ್‌ಗೆ ಹದಿಮೂರೂವರೆ ವರ್ಷ. ಗೋಡೆಯೊಳಗೆ ತೂರಿಹೋಗುವ ಶಕ್ತಿ ತೋರುವ ಮೊದಲು ಅವಳಿಗೆ ತಲೆ ಸಿಡಿಯುವಂಥ ನೋವು. ತನ್ನ ಮೈ ತನ್ನ ಮಾತು ಕೇಳದಾಗ ಆಗುವ ಕಸಿವಿಸಿ, ನಾಚಿಕೆ, ಭಯಗಳನ್ನು ಈ ಕಥೆಗಳು ಉಪದೇಶವಿಲ್ಲದೆ ಚಿತ್ರಿಸುತ್ತವೆ.

1975ರಿಂದ 1991ರವರೆಗೆ ಸರಣಿಯನ್ನು ಬರೆದ ಕ್ರಿಸ್ ಕ್ಲೇರ್‌ಮಾಂಟ್ ಇದರ ಸಾಮಾಜಿಕ ಅರ್ಥವನ್ನು ವಿಸ್ತರಿಸಿದರು. ತಮ್ಮನ್ನು ಕಂಡರೆ ಹೆದರುವ, ದ್ವೇಷಿಸುವ ಜನರನ್ನೇ ಈ ತಂಡ ಕಾಪಾಡಬೇಕು. ಬಣ್ಣ, ಧರ್ಮ, ಲೈಂಗಿಕತೆಯ ಕಾರಣಕ್ಕೆ ಹೊರಗುಳಿದವರು ಇಲ್ಲಿ ತಮ್ಮ ಪಾಡನ್ನೇ ಗುರುತಿಸಿದರು.

ತಂಡ, ಮನೆ, ತಂದೆತಾಯಿ

ಡಿ.ಸಿ. ಸಂಸ್ಥೆಯ ‘ಟೀನ್ ಟೈಟನ್ಸ್’ 1964ರಲ್ಲಿ ರಾಬಿನ್, ಕಿಡ್ ಫ್ಲ್ಯಾಶ್, ಅಕ್ವಾಲ್ಯಾಡ್ ಸೇರಿ ಶುರುವಾಯಿತು. ಎಲ್ಲರೂ ಇನ್ನೊಬ್ಬರ ಜೊತೆಗಾರರೇ. ಈ ತಂಡಕ್ಕೆ ನಿಜವಾದ ಬಲ ಬಂದದ್ದು 1980ರಲ್ಲಿ, ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ ಅದನ್ನು ಹೊಸದಾಗಿ ಕಟ್ಟಿದಾಗ. ಹೊಸಬರೆಲ್ಲ ತಂದೆಯ ನೆರಳಿನಿಂದ ನೊಂದವರು. ಸೈಬಾರ್ಗ್‌ಗೆ ತನ್ನ ದೇಹವನ್ನು ಯಂತ್ರವಾಗಿಸಿದ ವಿಜ್ಞಾನಿ ತಂದೆಯ ಮೇಲೆ ಸಿಟ್ಟು. ರೇವನ್‌ಳ ತಂದೆ ಸಾಕ್ಷಾತ್ ರಾಕ್ಷಸ. ರಾಬಿನ್ ಆಗಿದ್ದ ಡಿಕ್ ಗ್ರೇಸನ್ 1984ರಲ್ಲಿ ಹಳೆಯ ವೇಷ ಬಿಟ್ಟು ನೈಟ್‌ವಿಂಗ್ ಎಂಬ ಸ್ವಂತ ಹೆಸರು ಪಡೆದ. ನಾಲ್ಕು ದಶಕ ಇನ್ನೊಬ್ಬರ ಪಕ್ಕದಲ್ಲಿ ನಿಂತಿದ್ದವನು ಮನೆಬಿಟ್ಟು ತನ್ನ ಕಾಲ ಮೇಲೆ ನಿಂತ ಕಥೆಯದು.

2003ರಲ್ಲಿ ಬ್ರಯನ್ ಕೆ. ವಾನ್ ಮತ್ತು ಏಡ್ರಿಯನ್ ಆಲ್ಫೋನಾ ರೂಪಿಸಿದ ‘ರನವೇಸ್’ ಈ ವಸ್ತುವನ್ನು ತುದಿಗೆ ಒಯ್ಯಿತು. ಲಾಸ್ ಏಂಜಲೀಸ್‌ನ ಆರು ಮಕ್ಕಳು ಅಪ್ಪ ಅಮ್ಮಂದಿರ ವಾರ್ಷಿಕ ಕೂಟವನ್ನು ಕದ್ದು ನೋಡುತ್ತಾರೆ. ಅವರೆಲ್ಲ ಸೇರಿ ಒಬ್ಬ ಹುಡುಗಿಯನ್ನು ಬಲಿ ಕೊಡುವುದು ಕಣ್ಣಿಗೆ ಬೀಳುತ್ತದೆ. ಹೆತ್ತವರೇ ಖಳರಾದರೆ ಮಕ್ಕಳು ಓಡಿಹೋಗುವುದೇ ಸರಿಯಾದ ದಾರಿ ಎಂಬ ವಿಚಿತ್ರ ನ್ಯಾಯವನ್ನು ಸರಣಿ ಓದುಗರ ಮುಂದಿಡುತ್ತದೆ.

ತಂಡವೆಂದರೆ ಸುರಕ್ಷಿತ ಆಸರೆ ಎಂಬ ನಂಬಿಕೆಯನ್ನೂ ಈ ಕಥೆಗಳು ಪರೀಕ್ಷಿಸುತ್ತವೆ. 1982ರಲ್ಲಿ ಟೈಟನ್ಸ್ ಕಥೆಗೆ ಬಂದ ಟೆರ‍್ರಾ ಎಂಬ ಹುಡುಗಿಯನ್ನು ಓದುಗರು ಹೊಸ ಸದಸ್ಯೆಯೆಂದೇ ನಂಬಿದರು. ಅವಳು ಶತ್ರುವಿನ ಗೂಢಚಾರಿಣಿ ಎಂಬುದು ಬಯಲಾದದ್ದು ಎಷ್ಟೋ ತಿಂಗಳ ನಂತರ. ಟೈಟನ್ಸ್ ಜೊತೆಗೆ ಓದುಗರೂ ಮೋಸಹೋಗಿದ್ದರು.

ತಿಂಗಳ ಓದಿನ ಗುಣ

ಇಂಥ ಪರಿಣಾಮ ಸಾಧ್ಯವಾದದ್ದು ಸರಣಿ ಎಂಬ ರೂಪದಿಂದ. ಸಂಚಿಕೆ ತಿಂಗಳಿಗೊಮ್ಮೆ ಬರುತ್ತಿತ್ತು. ಕಥೆ ಕುತೂಹಲದ ಘಟ್ಟದಲ್ಲಿ ನಿಲ್ಲುತ್ತಿತ್ತು. ಓದುಗರ ಪತ್ರಗಳ ಪುಟದಲ್ಲಿ ಮೆಚ್ಚುಗೆ, ತಕರಾರು ಎರಡೂ ಅಚ್ಚಾಗುತ್ತಿದ್ದವು. ಪಾತ್ರಗಳೂ ಓದುಗರ ಜೊತೆ ಸ್ವಲ್ಪ ಬೆಳೆದವು. ಪೀಟರ್ 1965ರಲ್ಲಿ ಹೈಸ್ಕೂಲ್ ಮುಗಿಸಿ ಅದೇ ವರ್ಷ ಕಾಲೇಜು ಸೇರಿದ. 1973ರಲ್ಲಿ ಅವನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ಅವನು ಬೀಸಿದ ಬಲೆಯೂ ಅವಳನ್ನು ಉಳಿಸಲಿಲ್ಲ.

ಕಾಲದ ಸಮಸ್ಯೆಗಳೂ ಪುಟ ಸೇರಿದವು. ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆಂಬ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ವಾದ ಎಬ್ಬಿಸಿದ ಗದ್ದಲದ ನಡುವೆ, 1954ರಲ್ಲಿ ಪ್ರಕಾಶಕರು ತಮಗೆ ತಾವೇ ಕಾಮಿಕ್ಸ್ ಕೋಡ್ ವಿಧಿಸಿಕೊಂಡಿದ್ದರು. ಅದರ ಪ್ರಕಾರ ಮಾದಕವಸ್ತುಗಳ ವಿಷಯ ಬರೆಯುವಂತಿರಲಿಲ್ಲ. 1971ರಲ್ಲಿ ಸ್ಪೈಡರ್‌ಮ್ಯಾನ್‌ನ 96ರಿಂದ 98ರವರೆಗಿನ ಸಂಚಿಕೆಗಳು ಆ ವಿಷಯ ಎತ್ತಿಕೊಂಡು ಕೋಡ್‌ನ ಮುದ್ರೆಯಿಲ್ಲದೆಯೇ ಹೊರಬಂದವು. ಅದೇ ವರ್ಷ ನಿಯಮ ಸಡಿಲವಾಯಿತು. ಹಸಿರು ಬಿಲ್ಲುಗಾರ ಗ್ರೀನ್ ಆ್ಯರೋ ತಾನು ಸಾಕಿದ ಹುಡುಗ ಸ್ಪೀಡಿ ಹೆರಾಯಿನ್ ಚಟಕ್ಕೆ ಬಿದ್ದದ್ದನ್ನು ಕಾಣುವ ಕಥೆಯೂ ಆ ವರ್ಷದ್ದೇ. ಲೋಕ ಕಾಯುವವನು ಮನೆಯ ಹುಡುಗನನ್ನು ಗಮನಿಸಲಿಲ್ಲ ಎಂಬ ಆರೋಪ ಅದರಲ್ಲಿತ್ತು.

ಹೊಸ ಮುಖಗಳು

ಸರಣಿಗೊಂದು ತೊಡಕೂ ಇದೆ. ಲಾಭ ತರುವ ಪಾತ್ರಗಳಿಗೆ ಪ್ರಕಾಶಕರು ವಯಸ್ಸಾಗಲು ಬಿಡುವುದಿಲ್ಲ. ಸತ್ತವರು ಮರಳುತ್ತಾರೆ, ಕಥೆಗಳು ಮೊದಲಿನಿಂದ ಶುರುವಾಗುತ್ತವೆ. ದಶಕಗಳ ಹಿಂದಣ ಕಥೆ ಬಲ್ಲವರಿಗೆ ಮಾತ್ರ ಅರ್ಥವಾಗುವಷ್ಟು ಸಿಕ್ಕುಗಳು ಬೆಳೆದು ಹೊಸ ಓದುಗರು ಹಿಂಜರಿಯುವುದೂ ಉಂಟು. ಹಳೆಯ ಹೆಸರನ್ನು ಹೊಸ ಹರೆಯದವರಿಗೆ ವಹಿಸುವುದು ಇದಕ್ಕೆ ಕಂಡುಕೊಂಡ ಪರಿಹಾರ.

2011ರಲ್ಲಿ ಬ್ರಯನ್ ಮೈಕಲ್ ಬೆಂಡಿಸ್ ಮತ್ತು ಸಾರಾ ಪಿಕೆಲಿ ಸೃಷ್ಟಿಸಿದ ಮೈಲ್ಸ್ ಮೊರಾಲಿಸ್ ಬ್ರೂಕ್ಲಿನ್‌ನ ಹುಡುಗ. ತಂದೆ ಕರಿಯ ಅಮೆರಿಕನ್, ತಾಯಿ ಪೋರ್ಟೊ ರೀಕೊ ಮೂಲದವಳು. ಒಳ್ಳೆಯ ಶಾಲೆಯ ಸೀಟು ಅವನಿಗೆ ಸಿಗುವುದು ಲಾಟರಿ ಎತ್ತಿ. ತಾಯಿ ಆನಂದದಿಂದ ಅಪ್ಪಿಕೊಂಡಾಗ ಅವನ ಕಣ್ಣು ಸೀಟು ಸಿಗದ ಮಕ್ಕಳ ಮೇಲಿರುತ್ತದೆ. 2014ರ ‘ಮಿಸ್ ಮಾರ್ವೆಲ್’ನ ಕಮಲಾ ಖಾನ್ ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ 16ರ ಹುಡುಗಿ. ಶಕ್ತಿ ಬಂದೊಡನೆ ಅವಳು ತನ್ನ ಆರಾಧ್ಯ ನಾಯಕಿಯಂತೆ ಹೊಂಗೂದಲ ಬಿಳಿಯ ಹೆಣ್ಣಾಗುತ್ತಾಳೆ. ಆ ರೂಪ ಹಿತವೆನಿಸುವುದಿಲ್ಲ. ಕೊನೆಗೆ ಮೈಮುಚ್ಚುವ ತನ್ನ ಈಜುಡುಗೆ ಬುರ್ಕಿನಿಯನ್ನೇ ವೇಷವಾಗಿ ಮಾರ್ಪಡಿಸಿ ತನ್ನ ಮುಖದಲ್ಲೇ ನಿಲ್ಲುತ್ತಾಳೆ. ಜಿ. ವಿಲ್ಲೊ ವಿಲ್ಸನ್ ಬರೆದ ಇದರ ಮೊದಲ ಸಂಪುಟಕ್ಕೆ 2015ರ ಹ್ಯೂಗೊ ಪ್ರಶಸ್ತಿ ಬಂತು.

ಭಾರತದ ಕೊಂಡಿಯೂ ಈ ಸಾಲಿನದೇ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಚಿತ್ರಕಾರ ಜೀವನ್ ಜೆ. ಕಾಂಗ್ ರೂಪಿಸಿದ ‘ಸ್ಪೈಡರ್‌ಮ್ಯಾನ್: ಇಂಡಿಯಾ’ದ ಪವಿತ್ರ್ ಪ್ರಭಾಕರ್ ವಿದ್ಯಾರ್ಥಿವೇತನ ಪಡೆದು ಹಳ್ಳಿಯಿಂದ ಮುಂಬೈಗೆ ಬಂದವನು. ಶಾಲೆಯಲ್ಲಿ ಅವನ ಉಡುಪನ್ನು ಕಂಡು ನಗುತ್ತಾರೆ. ವೇಷ ತೊಟ್ಟಾಗಲೂ ಅವನು ಧೋತಿ ಬಿಡುವುದಿಲ್ಲ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಅವನಿಗೂ ಪಾತ್ರವಿತ್ತು. ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾದ ಆ ಚಿತ್ರದ ಕನ್ನಡ ಅವತರಣಿಕೆಯೂ ತೆರೆಕಂಡಿತು. ಕಾಮಿಕ್ಸ್ ಸರಣಿಗಳನ್ನು ಮಾತ್ರ ಕನ್ನಡದ ಮಕ್ಕಳು ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಓದುತ್ತಾರೆ.