ಬೆಂಗಳೂರು–ಮಂಗಳೂರು ಫ್ಲೈಟ್: ಹಾರೋದು ಮುಕ್ಕಾಲು ಗಂಟೆ, ತಲುಪೋದು ಯಾವಾಗ?

ಮಂಗಳೂರಲ್ಲಿ ಬೆಳಗ್ಗೆ 11ಕ್ಕೆ ಇಂಟರ್‌ವ್ಯೂ ಇದೆ ಅಂದ್ಕೊಳ್ಳಿ. ನಿಮ್ಮ ಮನೆ ಜಯನಗರ. ದೂರ ಲೆಕ್ಕ ಹಾಕೋ ಸೈಟ್ ನೋಡಿದ್ರೆ ಒಂದು ಗಂಟೆಯೂ ಇಲ್ಲ ಅನ್ನುತ್ತೆ. ಟಿಕೆಟ್ ಆ್ಯಪ್ ಒಂದು ಗಂಟೆ ಚಿಲ್ಲರೆ ಅನ್ನುತ್ತೆ. ಹಾಗಾದ್ರೆ 8 ಗಂಟೆ ಫ್ಲೈಟ್ ಸಾಕಾ?

ಎರಡು ಏರ್‌ಪೋರ್ಟ್ ಮಧ್ಯೆ ನೇರ ಗೆರೆ ಎಳೆದ್ರೆ ಸುಮಾರು 305 ಕಿಲೋಮೀಟರ್. ಇಂಥ ಸೈಟ್‌ಗಳ ಲೆಕ್ಕ ಸಾಮಾನ್ಯವಾಗಿ ಸರಳ. ದೂರವನ್ನ ಗಂಟೆಗೆ 800 ಕಿಲೋಮೀಟರ್ ಆಸುಪಾಸಿನ ವೇಗದಿಂದ ಭಾಗಿಸೋದು, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸೋದು. 23 ಪ್ಲಸ್ 30, ಅಂದ್ರೆ 53 ನಿಮಿಷ. ಆದ್ರೆ ಇಷ್ಟು ಚಿಕ್ಕ ದಾರಿಯಲ್ಲಿ ಜೆಟ್ ವಿಮಾನ ಮೇಲೇರಿ ಒಂದು ಹದಕ್ಕೆ ಬರೋ ಹೊತ್ತಿಗೆ ಇಳಿಯೋಕೆ ಶುರು ಮಾಡಬೇಕು. ಅದಕ್ಕೇ ಗಂಟೆಗೆ 500 ಕಿಲೋಮೀಟರ್ ಹೋಗೋ ಪ್ರೊಪೆಲ್ಲರ್‌ನ ಎಟಿಆರ್ ಸಿಕ್ಕಿದ್ರೂ ನಿಮಗೆ ಹೆಚ್ಚೇನೂ ಲಾಸ್ ಇಲ್ಲ.

ಟಿಕೆಟ್‌ನಲ್ಲಿರೋ ಸಮಯ ಬೇರೆ. 8 ಗಂಟೆ ಅಂದ್ರೆ ವಿಮಾನ ಮೇಲೇಳೋ ಹೊತ್ತಲ್ಲ, ನಿಂತ ಜಾಗದಿಂದ ಕದಲೋ ಹೊತ್ತು. ಅಲ್ಲಿಂದ ರನ್‌ವೇವರೆಗೆ ಉರುಳೋದು, ಸರದಿಗೆ ಕಾಯೋದು, ಆ ಕಡೆ ಇಳಿದು ನಿಲ್ಲೋದು ಎಲ್ಲಾ ಅದರೊಳಗೇ.

ಈಗ ಹಿಂದಕ್ಕೆ ಲೆಕ್ಕ ಹಾಕಿ. ದೇಶದೊಳಗಿನ ಫ್ಲೈಟ್‌ಗೆ ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು, ಬೋರ್ಡಿಂಗ್ ಗೇಟ್ 25 ನಿಮಿಷ ಮೊದಲು ಮುಚ್ಚುತ್ತೆ. ಸೆಕ್ಯುರಿಟಿ ಕ್ಯೂ ಇದ್ದೇ ಇರುತ್ತೆ. 6:15ಕ್ಕೆ ದೇವನಹಳ್ಳಿ ಕಡೆ ಇರಬೇಕು ಅಂದ್ರೆ 5 ಗಂಟೆಗೆ ಮನೆ ಬಿಡಬೇಕು. 9:10ಕ್ಕೆ ಇಳಿದು, ಬ್ಯಾಗ್ ತಗೊಂಡು, ಕೆಂಜಾರಿನಿಂದ ಹಂಪನಕಟ್ಟೆಗೆ ಬರೋ ಹೊತ್ತಿಗೆ 10:15. ಮುಕ್ಕಾಲು ಗಂಟೆ ಹಾರೋಕೆ ಐದೂಕಾಲು ಗಂಟೆ! ಕೈಯಲ್ಲಿ ಉಳಿಯೋದು 45 ನಿಮಿಷ.

ಅದೂ ಎಲ್ಲಾ ಸರಿಯಾಗಿ ನಡೆದ್ರೆ. ಮಂಗಳೂರಿನದು ಗುಡ್ಡದ ನೆತ್ತಿ ಸಮತಟ್ಟು ಮಾಡಿ ಕಟ್ಟಿರೋ ಟೇಬಲ್‌ಟಾಪ್ ರನ್‌ವೇ, ಉದ್ದ 2,450 ಮೀಟರ್. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಈ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡ್ರು. ಅವತ್ತು ಮಳೆ ಕಾರಣ ಆಗಿರಲಿಲ್ಲ, ಆದ್ರೆ ಇಂಥ ಕಡೆ ತಪ್ಪಿಗೆ ಜಾಗ ಕಡಿಮೆ ಅನ್ನೋದಂತೂ ನಿಜ. ಜೂನ್–ಜುಲೈನಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ರೆ ಪೈಲಟ್ ಮೇಲೇ ಸುತ್ತು ಹಾಕ್ತಾರೆ. ಆಗಲೂ ಆಗದಿದ್ರೆ ವಿಮಾನ ಬೇರೆ ಊರಿಗೆ, ಕೆಲವೊಮ್ಮೆ ವಾಪಸ್ ಬೆಂಗಳೂರಿಗೇ. ಕಿರಿಕಿರಿ ಆಗುತ್ತೆ, ಆದ್ರೆ ಅದು ಸರಿಯಾದ ನಿರ್ಧಾರ.

ಹಾಗಂತ ರಾತ್ರಿ ಬಸ್ಸೇ ಗ್ಯಾರಂಟಿ ಅಂತಲ್ಲ. ಮಾಮೂಲಿ ದಿನ ಏಳೆಂಟು ಗಂಟೆ, ಮಲಗಿಕೊಂಡೇ ಹೋಗಬಹುದು. ಜೋರು ಮಳೆಗೆ ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿದ್ರೆ ಅದೂ ಕೈಕೊಡುತ್ತೆ.

ಬೇಸಿಗೆಯಾದ್ರೆ 8ರ ಬದಲು 6ರ ಹೊತ್ತಿನ ಫ್ಲೈಟ್ ಹುಡುಕಿ, ಇಲ್ಲಾ ಬಸ್ ಹತ್ತಿ, ದುಡ್ಡೂ ಉಳಿಯುತ್ತೆ. ಮಳೆಗಾಲದಲ್ಲಿ ಇಂಟರ್‌ವ್ಯೂ ಇದ್ರೆ ಹಿಂದಿನ ದಿನ ಮಧ್ಯಾಹ್ನವೇ ಹೊರಟುಬಿಡಿ. ಮತ್ತೆ, ಕೆಂಪೇಗೌಡದಲ್ಲಿ ನಿಮ್ಮ ಫ್ಲೈಟ್ ಟರ್ಮಿನಲ್ 1ರದ್ದಾ 2ರದ್ದಾ ಅಂತ ಕ್ಯಾಬ್ ಹತ್ತೋಕೆ ಮುಂಚೆ ನೋಡ್ಕೊಳ್ಳಿ.